ಹೊಸ ವಿಜ್ಞಾನ ಬ್ಲಾಕ್: ಕೆಮಿಸ್ಟ್ರಿ ಲ್ಯಾಬ್ ಕೆಳಗೋ ಮೇಲೋ?

ಕ್ಯಾಂಪಸ್ ಸಮಿತಿ:

ದಕ್ಷಿಣ ಕನ್ನಡದ ಒಂದು ಪದವಿ ಕಾಲೇಜಿಗೆ ವಿಜ್ಞಾನ ಬ್ಲಾಕ್ ಕಟ್ಟಬೇಕಿದೆ. ಜಾಗ ಪೂರ್ವ-ಪಶ್ಚಿಮ 40 ಮೀಟರ್, ಉತ್ತರ-ದಕ್ಷಿಣ 16 ಮೀಟರ್. ನೆಲ ಅಂತಸ್ತು, ಮೇಲೆ ಇನ್ನೆರಡು. ಫಿಸಿಕ್ಸ್, ಕೆಮಿಸ್ಟ್ರಿ, ಬಾಟನಿ, ಝುವಾಲಜಿ ಇವೆ. ಒಂದು ಬ್ಯಾಚಿಗೆ 20 ಮಂದಿ. ಲಿಫ್ಟ್‌ಗೆ ಜಾಗ ಬಿಟ್ಟಿರುತ್ತೇವೆ, ಸದ್ಯಕ್ಕೆ ಹಾಕಿಸುವುದಿಲ್ಲ.

ಬಂದಿರುವ ನಕ್ಷೆಯಲ್ಲಿ ನಡುವೆ ಕಾರಿಡಾರ್, ಎರಡೂ ಬದಿಗೆ ಲ್ಯಾಬ್. ವಾಸನೆ ಮೇಲಿಂದ ಮೇಲೇ ಹೋಗಲಿ ಅಂತ ಕೆಮಿಸ್ಟ್ರಿಯನ್ನು ಎರಡನೇ ಮಹಡಿಗೆ ಹಾಕಿದ್ದಾರೆ. ಬೆಂಚಿಗೆ ಕಡಪ ಕಲ್ಲು, ಪ್ರತಿ ಕೆಮಿಸ್ಟ್ರಿ ಲ್ಯಾಬಿಗೆ ಎರಡು ಫ್ಯೂಮ್ ಹುಡ್ (ವಿಷದ ಹೊಗೆಯನ್ನು ಹೊರಕ್ಕೆ ಎಳೆಯುವ, ಗಾಜಿನ ಮುಚ್ಚಳದ ಪೆಟ್ಟಿಗೆ). ಇದು ಸರಿಯೇ? ಗ್ಯಾಸ್ ಸಿಲಿಂಡರ್ ಎಲ್ಲಿಡಬೇಕು? ತಳಪಾಯ ಹಾಕುವ ಮೊದಲೇ ತಿಳಿದವರು ಹೇಳಿ.

ಬ್ಯೂರೆಟ್:

ಲಿಫ್ಟ್ ಇಲ್ಲ ಅಂದಮೇಲೆ ಕೆಮಿಸ್ಟ್ರಿ ನೆಲ ಅಂತಸ್ತಿಗೇ ಬರಬೇಕು. ಎರಡೂವರೆ ಲೀಟರಿನ ಆಸಿಡ್ ಬಾಟಲಿಗಳನ್ನು ವರ್ಷವಿಡೀ ಅಟೆಂಡರ್ ಮೆಟ್ಟಿಲು ಹತ್ತಿಸುವುದು ಬೇಡ. ವಾಸನೆಯ ವಿಚಾರ ಹೇಳುವುದಾದರೆ, ಹೊಗೆಯನ್ನು ಮೇಲಕ್ಕೆ ಒಯ್ಯುವುದು ಹುಡ್‌ನ ಬ್ಲೋವರ್ ಫ್ಯಾನು, ಮಹಡಿಯಲ್ಲ.

ನಡುವಿನ ಕಾರಿಡಾರ್ ಬಿಟ್ಟುಬಿಡಿ. 16 ಮೀಟರಿನಲ್ಲಿ ಹಾಗೆ ಮಾಡಿದರೆ ಎರಡೂ ಬದಿಯ ಲ್ಯಾಬುಗಳು ಇಕ್ಕಟ್ಟಾಗುತ್ತವೆ, ಗಾಳಿ ಆಚೀಚೆ ಹಾಯುವುದಿಲ್ಲ. ಉತ್ತರಕ್ಕೆ 8 ಮೀಟರ್ ಆಳದ ಲ್ಯಾಬುಗಳ ಸಾಲು, ದಕ್ಷಿಣಕ್ಕೆ 2.4 ಮೀಟರ್ ಜಗಲಿ ಸಾಕು. ನೈಋತ್ಯದಿಂದ ಬೀಸುವ ಮಳೆಯ ಎರಚಲನ್ನು ಜಗಲಿ ತಡೆಯುತ್ತದೆ, ಉತ್ತರದ ಕಿಟಕಿಯಿಂದ ಕಣ್ಣಿಗೆ ಹೊಡೆಯದ ಸಮ ಬೆಳಕು ಬರುತ್ತದೆ. ಪಶ್ಚಿಮ ತುದಿಗೆ ಮೆಟ್ಟಿಲು ಹಾಕಿ; ಮಳೆಯೂ ಸಂಜೆ ಬಿಸಿಲೂ ಅದರ ಗೋಡೆಗೇ ಬಡಿಯಲಿ.

ಅಳತೆಯನ್ನು ಬೆಂಚಿನಿಂದ ಶುರುಮಾಡಿ. ಎರಡೂ ಕಡೆ ನಿಲ್ಲುವ ಬೆಂಚು 1.5 ಮೀಟರ್ ಅಗಲ, ನಡುವಿನ ದಾರಿ 1.8 ಮೀಟರ್, ಒಟ್ಟು 3.3. ಇದೇ ನಿಮ್ಮ ಅಂಕಣ. ಮೂರು ಅಂಕಣ ಸೇರಿ 9.9 ಮೀಟರಿನ ಒಂದು ಲ್ಯಾಬ್. ಪ್ರತಿ ಬೆಂಚು 4.2 ಮೀಟರ್ ಉದ್ದವಿದ್ದರೆ ಒಂದು ಬದಿಗೆ ನಾಲ್ವರು, ಮೂರು ಬೆಂಚಿಗೆ 24 ಮಂದಿ. ನಿಮ್ಮ 20ರ ಬ್ಯಾಚು ಆರಾಮಾಗಿ ನಿಲ್ಲುತ್ತದೆ. ಪೂರ್ತಿ ಮಹಡಿಗೆ 11 ಅಂಕಣ: ಎರಡು ತುದಿಗೆ ಮೆಟ್ಟಿಲು, ಮೂರು-ಮೂರರ ಎರಡು ಲ್ಯಾಬ್, ಅವೆರಡರ ನಡುವೆ ಒಂದು ಅಂಕಣದ ತಯಾರಿ ಕೋಣೆ, ಪಶ್ಚಿಮಕ್ಕೆ ಸ್ಟಾಫ್ ರೂಮು, ಪೂರ್ವಕ್ಕೆ ರಾಸಾಯನಿಕಗಳ ಸ್ಟೋರು. ಒಟ್ಟು 36.3 ಮೀಟರ್, 40ರೊಳಗೆ ಹಿಡಿಯುತ್ತದೆ. ಪ್ರತಿ ಲ್ಯಾಬಿಗೆ ಹೊರಕ್ಕೆ ತೆರೆಯುವ ಎರಡು ಬಾಗಿಲು ಇರಲಿ.

ತಯಾರಿ ಕೋಣೆಯ ಉತ್ತರದ 3 ಮೀಟರನ್ನು ಬ್ಯಾಲೆನ್ಸ್ ರೂಮ್ (ಸೂಕ್ಷ್ಮ ತಕ್ಕಡಿಯ ಕೋಣೆ) ಮಾಡಿ, ಅಲ್ಲಿ ಫ್ಯಾನ್ ಹಾಕಬೇಡಿ. ಜಗಲಿ ಕಡೆಯ 1 ಮೀಟರನ್ನು ಹುಡ್‌ನ ಡಕ್ಟ್ (ಹೊಗೆ ಕೊಳವೆ) ತಾರಸಿವರೆಗೆ ಏರುವ ಶಾಫ್ಟ್‌ಗೆ ಬಿಡಿ, ರಿಪೇರಿಗೆ ಜಗಲಿಯಿಂದಲೇ ಬಾಗಿಲು. ಮೂರೂ ಮಹಡಿಯಲ್ಲಿ ಈ ಅಂಕಣ ಒಂದರ ಮೇಲೊಂದು ಬರಲೇಬೇಕು. ಹುಡ್‌ಗಳು ಈ ಕೋಣೆಯ ಗೋಡೆಗೆ ಒರಗಿರಲಿ, ಬಾಗಿಲಿನಿಂದ ಎರಡು ಮೀಟರಾದರೂ ದೂರ. ಹುಡ್ ಎದುರಿಗೆ ಸೀಲಿಂಗ್ ಫ್ಯಾನ್ ತಿರುಗಿದರೆ ಒಳಗಿನ ಹೊಗೆ ಮುಖಕ್ಕೇ ಬರುತ್ತದೆ.

ಕಡಪ ಸುಣ್ಣದ ಕಲ್ಲು. ಹೈಡ್ರೋಕ್ಲೋರಿಕ್ ಆಸಿಡ್ ಚೆಲ್ಲಿದರೆ ನೊರೆ ಏಳುತ್ತದೆ, ಕೆಲವೇ ವರ್ಷಗಳಲ್ಲಿ ಮೇಲ್ಮೈ ಹೊಂಡಹೊಂಡವಾಗುತ್ತದೆ. 18-20 ಮಿ.ಮೀ. ಕರಿ ಗ್ರಾನೈಟ್ ಹಾಕಿ. ಸಂದುಗಳಿಗೆ ಎಪಾಕ್ಸಿ ತುಂಬಬೇಕು, ಬಿಳಿ ಸಿಮೆಂಟ್ ಅಲ್ಲ. ಅಂಚಿನ ಅಡಿಯಲ್ಲಿ ನೀರು ತೊಟ್ಟಿಕ್ಕುವ ಗೀರು ಹೊಡೆಸದಿದ್ದರೆ ಕೆಳಗಿನ ಕಪಾಟಿನ ಪ್ಲೈವುಡ್ ಊದಿಕೊಳ್ಳುತ್ತದೆ.

ಗುಂಡುದಾರ:

ಬೆಂಚನ್ನು ಎಲ್ಲಿಂದ ಚಾಚಬೇಕು ಎಂಬುದು ಮೇಲೆ ಬಿಟ್ಟುಹೋಗಿದೆ. ಸಿವಿಲ್ ಕೆಲಸದಲ್ಲಿ ಕೆಡುವುದೇ ಅಲ್ಲಿ. ಬೆಂಚುಗಳು ಉತ್ತರದ ಹೊರಗೋಡೆಯಿಂದ ಒಳಕ್ಕೆ ಚಾಚಿರಲಿ, ನಡುಮಧ್ಯೆ ದ್ವೀಪದ ಹಾಗೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ನೀರಿನ, ಡ್ರೈನಿನ ಪೈಪು ನೆಲದಡಿ ಹೋಗಬೇಕು. ಅದಕ್ಕಾಗಿ ಸ್ಲ್ಯಾಬ್ ತಗ್ಗಿಸಿ ಕಲ್ಲುಚೂರು ತುಂಬುತ್ತಾರೆ. ಒಂದು ಜಾಯಿಂಟ್ ಸೋರಿದರೆ ಆಸಿಡ್ ನೀರು ಅಲ್ಲೇ ನಿಂತು ಕಂಬಿಗೆ ತುಕ್ಕು ಹಿಡಿಯುತ್ತದೆ, ಕೆಳಗಿನ ಸೀಲಿಂಗ್ ಉದುರುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಗೋಡೆಗೆ ಅಂಟಿದ ಬೆಂಚಾದರೆ ಪೈಪು ಬೆಂಚಿನೊಳಗೇ ಬಂದು ಗೋಡೆ ದಾಟಿ ಹೊರಗಿನ ಶಾಫ್ಟಿಗೆ ಇಳಿಯುತ್ತದೆ.

ಕೆಮಿಸ್ಟ್ರಿ ಡ್ರೈನಿಗೆ ಪಾಲಿಪ್ರೊಪಿಲೀನ್ ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು. ಜಿಐ (ಸತು ಲೇಪಿಸಿದ ಕಬ್ಬಿಣ), ಬೀಡುಕಬ್ಬಿಣ ಎರಡೂ ಬೇಡ. ದುರ್ಬಲ ಆಸಿಡಿಗೆ ಪಿವಿಸಿ ತಾಳುತ್ತದೆ, ಅಸಿಟೋನಿಗೆ ಮೆತ್ತಗಾಗುತ್ತದೆ. ಇಳಿಜಾರು 50ಕ್ಕೆ 1. ಈ ನೀರು ಶೌಚಾಲಯದ ಲೈನಿಗೆ ಸೇರುವ ಮೊದಲು ಬೇರೆ ತೊಟ್ಟಿಯಲ್ಲಿ ಸುಣ್ಣಕಲ್ಲಿನ ಜಲ್ಲಿ ಹಾಯ್ದು ಬರಲಿ. ಸಲ್ಫ್ಯೂರಿಕ್ ಆಸಿಡ್ ಹೆಚ್ಚಾದರೆ ಜಲ್ಲಿಯ ಮೇಲೆ ಜಿಪ್ಸಂ ಪದರ ಕೂತು ಅದು ಕೆಲಸ ನಿಲ್ಲಿಸುತ್ತದೆ. ಆದ್ದರಿಂದ ಮುಚ್ಚಳ ಒಬ್ಬ ಆಳು ಎತ್ತುವಂತಿರಲಿ, ಜಲ್ಲಿ ಬುಟ್ಟಿಯಲ್ಲಿರಲಿ. ಕ್ರೋಮಿಯಂ, ಪಾದರಸ, ಬೆಳ್ಳಿ ಇರುವ ದ್ರಾವಣವನ್ನು ಜಲ್ಲಿ ಶುದ್ಧ ಮಾಡುತ್ತದೆ ಅಂದುಕೊಳ್ಳಬೇಡಿ; ಅದನ್ನು ಸಿಂಕಿಗೇ ಸುರಿಯಬಾರದು, ಬೇರೆ ಕ್ಯಾನಿಗೆ ಹಾಕಬೇಕು.

ಗ್ಯಾಸ್: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಚರಂಡಿ ಹುಡುಕಿಕೊಂಡು ಹೋಗುತ್ತದೆ. ಕಟ್ಟಡದ ಹೊರಗೆ, ನೆಲಮಟ್ಟದಲ್ಲಿ, ಜಾಲರಿ ಬಾಗಿಲಿನ ಗೂಡು ಮಾಡಿ. ಹತ್ತಿರದಲ್ಲಿ ಚರಂಡಿಯ ಚೇಂಬರ್, ಕಿಟಕಿ, ಸ್ವಿಚ್‌ಬೋರ್ಡ್ ಯಾವುದೂ ಇರಬಾರದು. 100 ಕೆಜಿ ಮೀರಿದರೆ ಲೈಸೆನ್ಸ್ ಬೇಕಾಗುತ್ತದೆ. 19 ಕೆಜಿಯ ನಾಲ್ಕು ಸಿಲಿಂಡರ್, ಎರಡು ಉರಿಯಲು, ಎರಡು ಕಾಯಲು, ಎರಡು ಲ್ಯಾಬಿಗೆ ಸಾಕು. ಪೈಪನ್ನು ಗೋಡೆಯೊಳಗೆ ಹೂಳದೆ ಹೊರಗೇ ಕಾಣುವಂತೆ ಎಳೆದು ಹಳದಿ ಬಣ್ಣ ಬಳಿಯಿರಿ. ಪ್ರತಿ ಲ್ಯಾಬಿನ ಬಾಗಿಲ ಬಳಿ ಒಂದು ಮುಖ್ಯ ವಾಲ್ವ್, ಮೇಷ್ಟ್ರ ಕೈಗೆ ಎಟಕುವಂತೆ.

ಸೋಡಿಯಂ ದೀಪ:

ಹಾಗಾದರೆ ಫಿಸಿಕ್ಸ್ ಮೊದಲ ಮಹಡಿಗೆ ಬರುತ್ತದೆ. ಪರವಾಗಿಲ್ಲ, ಆದರೆ ನ್ಯೂಟನ್ಸ್ ರಿಂಗ್ಸ್, ಸ್ಪೆಕ್ಟ್ರೋಮೀಟರ್‌ನಂಥ ಬೆಳಕಿನ ಸೂಕ್ಷ್ಮ ಪ್ರಯೋಗಗಳ ಮೇಜುಗಳನ್ನು ಮೆಟ್ಟಿಲ ಪಕ್ಕ ಇಡಬೇಡಿ. ತರಗತಿ ಬಿಟ್ಟಾಗ ಇಡೀ ನೆಲ ನಡುಗುತ್ತದೆ. ಗ್ಯಾಲ್ವನೋಮೀಟರಿಗೆ (ಸಣ್ಣ ಕರೆಂಟ್ ಅಳೆಯುವ ಉಪಕರಣ) ಗೋಡೆಯಿಂದ ಚಾಚಿದ ಕಾಂಕ್ರೀಟ್ ಹಲಗೆಯೇ ಲೇಸು. ಡಾರ್ಕ್ ರೂಮಿಗೆ ಬಾಗಿಲಿನ ಬದಲು ತಿರುವಿನ ದಾರಿ, ಒಳಗೋಡೆಗೆ ಹೊಳಪಿಲ್ಲದ ಕಪ್ಪು ಬಣ್ಣ. ದೀಪಗಳ ಬಿಸಿ ಹೊರಹೋಗಲು ಬೆಳಕು ನುಸುಳದ ಎಕ್ಸಾಸ್ಟ್ ಬೇಕು, ನಮ್ಮ ಕಡೆಯ ಸೆಕೆಯಲ್ಲಿ ಇದಿಲ್ಲದಿದ್ದರೆ ಯಾರೂ ಒಳಗೆ ನಿಲ್ಲುವುದಿಲ್ಲ. ಪ್ಲಗ್ಗುಗಳು ಬೆಂಚಿನ ಮೇಲೆಯೇ ಇರಲಿ, ಪ್ರತಿ ಬೆಂಚಿಗೆ ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್ಚು), ಲ್ಯಾಬಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್ಚು).

ಝುವಾಲಜಿಗೆ ಹಳೇ ಪದ್ಧತಿಯಂತೆ ಪ್ರತಿ ಸೀಟಿಗೂ ಸಿಂಕು ಬೇಡ. 2014ರಲ್ಲಿ ಯುಜಿಸಿ ಪ್ರಾಣಿ ಛೇದನ ನಿಲ್ಲಿಸಲು ಹೇಳಿದ ಮೇಲೆ ಅಲ್ಲಿ ಮುಖ್ಯ ಕೆಲಸ ಮೈಕ್ರೋಸ್ಕೋಪಿನದು. ಕೂತು ನೋಡುವ 75 ಸೆಂ.ಮೀ. ಎತ್ತರದ ಮೇಜು ಸಾಕು, 90 ಸೆಂ.ಮೀ. ಎತ್ತರ ಕೆಮಿಸ್ಟ್ರಿಯವರಿಗೆ. ಬಾಟನಿಯವರ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಪಶ್ಚಿಮ ಗೋಡೆಗೆ ತಾಗದಿರಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಸ್ಟು ಹಿಡಿಯುತ್ತದೆ.

ಕ್ಯಾಂಪಸ್ ಸಮಿತಿ:

ಧನ್ಯವಾದ. ಪೈಪಿನ ವಿಚಾರ ಆರ್ಕಿಟೆಕ್ಟ್‌ಗೆ ಕಳಿಸುತ್ತೇನೆ. ಈಗ ಲ್ಯಾಬಿಗೆ ಒಂದೇ ಹುಡ್‌ಗೆ ದುಡ್ಡು ಸಾಕಾಗುತ್ತದೆ, ಎರಡನೆಯದನ್ನು ಆಮೇಲೆ ಸೇರಿಸಬಹುದೇ? ಬ್ಲೋವರ್ ಹುಡ್‌ನ ತಲೆಯ ಮೇಲೇ ಕೂರಿಸುತ್ತೇನೆ ಅಂತ ಸಪ್ಲೈಯರ್ ಹೇಳುತ್ತಿದ್ದಾನೆ.

ಬ್ಯೂರೆಟ್:

ಸೇರಿಸಬಹುದು, ಸ್ಲ್ಯಾಬ್ ಹಾಕುವಾಗಲೇ ಶಾಫ್ಟಿನಲ್ಲಿ ನಾಲ್ಕು ಡಕ್ಟಿಗೂ 300 ಮಿ.ಮೀ. ತೂತು ಬಿಟ್ಟಿದ್ದರೆ. ಆಮೇಲೆ ಕೊರೆಸಿದರೆ ಕಂಬಿ ಕತ್ತರಿಸುತ್ತಾರೆ.

ಬ್ಲೋವರ್ ತಾರಸಿಯ ಮೇಲೆಯೇ ಇರಬೇಕು, ಸರ್. ಆಗ ಇಡೀ ಡಕ್ಟ್ ಒಳಕ್ಕೆ ಎಳೆಯುತ್ತಿರುತ್ತದೆ, ಜಾಯಿಂಟ್ ಬಿಟ್ಟರೂ ಹೊಗೆ ಹೊರಗೆ ಬರುವುದಿಲ್ಲ. ಕೆಳಗೆ ಕೂರಿಸಿದರೆ ಅದೇ ಜಾಯಿಂಟಿನಿಂದ ಫಿಸಿಕ್ಸ್ ಮಹಡಿಗೆ ಹೊಗೆ ನುಗ್ಗುತ್ತದೆ. ಲೆಕ್ಕ ಹೀಗೆ: 1.2 ಮೀಟರ್ ಅಗಲದ ಹುಡ್, ಗಾಜು 45 ಸೆಂ.ಮೀ. ತೆರೆದಾಗ ಬಾಯಲ್ಲಿ ಗಾಳಿ ಸೆಕೆಂಡಿಗೆ 0.5 ಮೀಟರ್ ಹೋಗಬೇಕು. ಅಂದರೆ ಗಂಟೆಗೆ ಸುಮಾರು 970 ಘನ ಮೀಟರ್, 250 ಮಿ.ಮೀ. ವ್ಯಾಸದ ಡಕ್ಟ್ ಸಾಕು. ಅಷ್ಟು ಗಾಳಿ ಒಳಬರಲು ಬಾಗಿಲಿನ ಕೆಳಗೆ ಜಾಲರಿ ಬಿಡಿ, ಇಲ್ಲದಿದ್ದರೆ ಕಿಟಕಿ ಮುಚ್ಚಿದ ಮಳೆಗಾಲದಲ್ಲಿ ಹುಡ್ ಎಳೆಯುವುದೇ ಇಲ್ಲ.

ಗುಂಡುದಾರ:

ತಾರಸಿಗೆ ಶೀಟಿನ ಮಾಡು ಹಾಕುವವರಿದ್ದರೆ ಚಿಮಣಿ ಶೀಟನ್ನೂ ದಾಟಿ 3 ಮೀಟರ್ ಮೇಲಿರಲಿ. ಮಳೆಗೆಂದು ಟೋಪಿ ಹಾಕಿಸಬೇಡಿ, ಹೊಗೆಯನ್ನು ಅದು ವಾಪಸ್ ಕೆಳಕ್ಕೆ ತಳ್ಳುತ್ತದೆ. ಚಿಮಣಿಯ ತುದಿಗೆ ಸ್ವಲ್ಪ ದೊಡ್ಡ ವ್ಯಾಸದ ಕೊಳವೆ ತೊಡಿಸಿದರೆ ಮಳೆನೀರು ಸಂದಿನಿಂದ ಹೊರಗೇ ಇಳಿಯುತ್ತದೆ. ಬ್ಲೋವರಿನ ತಳಕ್ಕೂ ನೀರಿಳಿಯುವ ತೂತು ಬೇಕು.

ಇನ್ನೊಂದು, ಎಮರ್ಜೆನ್ಸಿ ಶವರ್. ನಿಮಿಷಕ್ಕೆ 75 ಲೀಟರಿನಂತೆ 15 ನಿಮಿಷ ಹರಿಯಬೇಕು, ಅಂದರೆ 1,125 ಲೀಟರ್. ಸಿಂಕಿನ ಲೈನಿಗೆ ಜೋಡಿಸಿದರೆ ಅಷ್ಟು ರಭಸ ಬರುವುದಿಲ್ಲ. ಓವರ್‌ಹೆಡ್ ಟ್ಯಾಂಕಿನ ತಳದಿಂದ ಬೇರೆ ಪೈಪು ಎಳೆಯಿರಿ, ಸಿಂಕಿನ ಲೈನನ್ನು ಟ್ಯಾಂಕಿನ ಮೇಲ್ಮಟ್ಟದಿಂದ ತೆಗೆಯಿರಿ. ಆಗ ನಲ್ಲಿಗಳು ಒಣಗಿದರೂ ಶವರಿನ ಪಾಲು ಉಳಿದಿರುತ್ತದೆ.