ಹಳೇ ಅಪಾರ್ಟ್‌ಮೆಂಟ್ ರಿಪೇರಿ: ಕರೆಂಟ್ ನಿಜವಾಗಿ ಉಳಿಯೋದು ಎಲ್ಲಿ?

ಪ್ರಶ್ನೆ (ಅಸೋಸಿಯೇಷನ್ ಕಾರ್ಯದರ್ಶಿ, ಕುವೆಂಪುನಗರ, ಮೈಸೂರು): ಸರ್, ನಮ್ಮದು 24 ಮನೆ, ಗ್ರೌಂಡ್ ಪ್ಲಸ್ ನಾಲ್ಕು, ಇಪ್ಪತ್ತು ವರ್ಷ ಹಳೇದು. ಈಗ ತಾರಸಿ ವಾಟರ್‌ಪ್ರೂಫಿಂಗ್, ಹೊರಗಿನ ಪೇಂಟು ಮಾಡಿಸ್ತಿದ್ದೀವಿ. ಜೊತೆಗೇ ಕಾಮನ್ ಕರೆಂಟ್ ಬಿಲ್ಲೂ ಇಳಿಸಬೇಕು. "5 ಎಚ್‌ಪಿ ಪಂಪ್ ಬದಲಾಯಿಸಿ, ಬಿಲ್ಲು ಅರ್ಧ ಆಗುತ್ತೆ" ಅಂತಾರೆ ಪಂಪ್ ಅಂಗಡಿಯವರು. ನಂಬಬಹುದಾ?

ಉತ್ತರ (ಎನರ್ಜಿ ಆಡಿಟರ್): ಅರ್ಧ ಆಗೋದು ಪಂಪಿನ ಕರೆಂಟ್ ಖರ್ಚು, ಇಡೀ ಬಿಲ್ಲಲ್ಲ. ನೀವೇ ಅಳೆದು ನೋಡಿ. ಟ್ಯಾಂಕಿನಿಂದ ಮನೆಗಳಿಗೆ ಇಳಿಯೋ ವಾಲ್ವುಗಳನ್ನ ಅರ್ಧ ಗಂಟೆ ಮುಚ್ಚಿ. ಲಿಫ್ಟು, ಕಾಮನ್ ಲೈಟು ಆಫ್ ಮಾಡಿ, ಮೀಟರ್ ರೀಡಿಂಗ್ ಬರೆದುಕೊಂಡು ಪಂಪ್ ಹಾಕಿ. ಟ್ಯಾಂಕಿನ ಉದ್ದ 4, ಅಗಲ 2.5 ಮೀಟರ್ ಇದ್ರೆ, ನೀರು 10 ಸೆಂ.ಮೀ. ಏರಿದಾಗ 1,000 ಲೀಟರ್ ಬಂತು ಅಂತ ಲೆಕ್ಕ. ಅರ್ಧ ಗಂಟೇಲಿ 60 ಸೆಂ.ಮೀ. ಏರಿತು, ಮೀಟರ್ 1.8 ಯೂನಿಟ್ ಓಡಿತು ಅಂದುಕೊಳ್ಳಿ. 6,000 ಲೀಟರನ್ನ ಸಂಪಿನಿಂದ 24 ಮೀಟರ್ ಎತ್ತೋಕೆ ಬೇಕಾದ್ದು ಬರೀ 0.39 ಯೂನಿಟ್. ಅಂದ್ರೆ ಎಳೆದ ಕರೆಂಟಲ್ಲಿ ನೀರು ಎತ್ತೋಕೆ ಬಳಕೆಯಾದ್ದು ಶೇ 22. ಸರಿಯಾಗಿ ಆರಿಸಿದ ಪಂಪಲ್ಲಿ ಶೇ 45ರ ಹತ್ತಿರ ಸಿಗುತ್ತೆ. ಈ ಎತ್ತರಕ್ಕೆ, ಈ ಹರಿವಿಗೆ 2 ಎಚ್‌ಪಿ ಸಾಕು.

ಆದರೆ 24 ಮನೆ, ತಲಾ ನಾಲ್ಕು ಜನ, ಒಬ್ಬರಿಗೆ 135 ಲೀಟರ್ ಅಂದ್ರೂ ದಿನಕ್ಕೆ 13,000 ಲೀಟರ್. ಹಳೇ ಪಂಪಿಗೆ 3.9 ಯೂನಿಟ್, ಹೊಸದಕ್ಕೆ 1.9. ತಿಂಗಳಿಗೆ ಉಳಿಯೋದು 60 ಯೂನಿಟ್, ಅಷ್ಟೇ. (ಬೋರ್‌ವೆಲ್ ಪಂಪ್ ಬೇರೆ ಮಾತು. 100 ಮೀಟರ್ ಆಳದಿಂದ ಎತ್ತೋ ನೀರಿಗೆ ಇದರ ನಾಲ್ಕು ಪಟ್ಟು ಬೇಕು. ಕಾವೇರಿ ನೀರು ಬರೋ ದಿನ ಸಂಪನ್ನ ಅದರಿಂದಲೇ ತುಂಬಿಸಿ.)

ಈಗ ಲೈಟು ನೋಡಿ. ಹಳೇ 40 ವ್ಯಾಟ್ ಟ್ಯೂಬು ಚೋಕ್ ಸೇರಿ 52 ವ್ಯಾಟ್ ಎಳೆಯುತ್ತೆ. ಅಂಥ 40 ಟ್ಯೂಬು 12 ಗಂಟೆ ಉರಿದರೆ ದಿನಕ್ಕೆ 25 ಯೂನಿಟ್. 20 ವ್ಯಾಟಿನ ಎಲ್‌ಇಡಿ ಬ್ಯಾಟನ್ ಹಾಕಿದರೆ ಹತ್ತಕ್ಕೂ ಕಮ್ಮಿ. ತಿಂಗಳಿಗೆ 460 ಯೂನಿಟ್ ಉಳೀತು. ಮೊದಲು ಇದು, ಪಂಪ್ ಆಮೇಲೆ.

ಪ್ರಶ್ನೆ (ಅದೇ ಕಾರ್ಯದರ್ಶಿ): ಕೆಲವು ಕಡೆ ಹಳೇ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಸಿಕ್ಕಿಸಿದ್ದೀವಿ ಸರ್, ಆರೇ ತಿಂಗಳಿಗೆ ಹೋಗ್ತಿವೆ.

ಉತ್ತರ: ಚೋಕ್, ಸ್ಟಾರ್ಟರ್ ಒಳಗೇ ಬಿಟ್ಟಿರ್ತಾರೆ. ಎರಡನ್ನೂ ಕಿತ್ತು ನೇರ ವೈರಿಂಗ್ ಮಾಡಿಸಿ. ಕೆಲವು ಟ್ಯೂಬಿಗೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದೀಲಿ ಕೊಡಬೇಕು, ಕೆಲವಕ್ಕೆ ಆ ತುದಿ ಒಂದು ಈ ತುದಿ ಒಂದು. ಅದಲುಬದಲಾದರೆ ಶಾರ್ಟ್ ಆಗೋ ಅಪಾಯ. ಟ್ಯೂಬಿನ ಮೇಲೆ ಅಚ್ಚಾಗಿರೋ ಚಿತ್ರ ನೋಡದೆ ಕೈ ಹಾಕಬಾರದು. ಪಾರ್ಕಿಂಗ್‌ನಲ್ಲಿ ನಾಲ್ಕಕ್ಕೆ ಒಂದು ಲೈಟು ಸದಾ ಉರೀಲಿ, ಮಿಕ್ಕವಕ್ಕೆ ಮೋಷನ್ ಸೆನ್ಸರ್ ಹಾಕಿಸಿ.

ಪ್ರಶ್ನೆ (ಮೇಲಿನ ಮಹಡಿ ನಿವಾಸಿ): ನಮಗೆ ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಾದ್ರೂ ಸೀಲಿಂಗ್ ಕೆಂಡ ಸರ್. ವಾಟರ್‌ಪ್ರೂಫಿಂಗ್ ಮೇಲೆ ಬಿಳಿ ಕೂಲ್ ಪೇಂಟ್ ಬಳಿದರೆ ಸಾಕು ಅಂತಾರೆ ಕಂಟ್ರಾಕ್ಟರು.

ಉತ್ತರ: ಮೇಡಂ, ಏಪ್ರಿಲ್ 22ರ ಆಸುಪಾಸು ಮಧ್ಯಾಹ್ನ ಸೂರ್ಯ ಮೈಸೂರಿನ ನೆತ್ತಿಯ ಮೇಲೇ ಇರ್ತಾನೆ. ಆಗ ಗೋಡೆಗಿಂತ ತಾರಸಿಗೇ ಹೊಡೆತ ಜಾಸ್ತಿ. ಬಿಳಿ ಪೇಂಟು ಕೆಲಸ ಮಾಡುತ್ತೆ, ಆದರೆ ಧೂಳು ಕೂತಷ್ಟೂ ಗುಣ ಇಳಿಯುತ್ತೆ. ಪ್ರತಿ ವರ್ಷ ಫೆಬ್ರವರಿ ಕೊನೇಲಿ ಉಜ್ಜಿ ತೊಳೆಯೋರು ಯಾರು ಅಂತ ಈಗಲೇ ಗೊತ್ತು ಮಾಡಿಕೊಳ್ಳಿ.

ಹೇಗೂ ತಾರಸಿ ಅಗೆಯೋದರಿಂದ 50 ಎಂಎಂ ಎಕ್ಸ್‌ಪಿಎಸ್ ಶೀಟ್ (ಶಾಖ ತಡೆಯೋ ಗಟ್ಟಿ ಫೋಮ್ ಹಾಳೆ) ಹಾಕಿಸಿ. 150 ಎಂಎಂ ಕಾಂಕ್ರೀಟ್ ಸ್ಲ್ಯಾಬಿಗಿಂತ ಅದು ಹದಿನೈದು ಪಟ್ಟಿಗೂ ಹೆಚ್ಚು ಶಾಖ ತಡೆಯುತ್ತೆ. ಮೊದಲು ಹಳೇ ಸುರ್ಕಿ (ಇಟ್ಟಿಗೆ ಚೂರು, ಸುಣ್ಣದ ಪದರ) ತೆಗೆಸಿ. ಅದರ ಮೇಲೇ ಇನ್ನೊಂದು 75 ಎಂಎಂ ಪದರ ಹಾಕಿದರೆ ಸ್ಲ್ಯಾಬಿನ ಮೇಲೆ ಚದರ ಮೀಟರಿಗೆ 150 ಕೆ.ಜಿ. ಮೀರಿದ ಭಾರ ಕೂರುತ್ತೆ. ಆಮೇಲೆ ನೂರಕ್ಕೆ ಒಂದರ ಇಳಿಜಾರು, ಅದರ ಮೇಲೆ ವಾಟರ್‌ಪ್ರೂಫಿಂಗ್. ಅದಕ್ಕೆ ಮುಂಚೆ ನೆಲ ಒಣಗಿದೆಯಾ ನೋಡೋಕೆ ಒಂದು ಮೊಳ ಪಾಲಿಥಿನ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಅಡಿಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ತೇವ ಇದೆ. ಆಗ ಬಳಿದದ್ದು ಗುಳ್ಳೆ ಏಳುತ್ತೆ. ಬಳಿದು ಒಣಗಿದ ಮೇಲೆ 48 ಗಂಟೆ ನೀರು ನಿಲ್ಲಿಸಿ ನಿಮ್ಮ ಸೀಲಿಂಗ್ ನೋಡಿಕೊಳ್ಳಿ. ಸೋರದಿದ್ದರೆ ಮಾತ್ರ ಎಕ್ಸ್‌ಪಿಎಸ್, ಜಿಯೋಟೆಕ್ಸ್‌ಟೈಲ್ ಬಟ್ಟೆ, ಮೇಲೆ ತೆಳು ಸ್ಕ್ರೀಡು (ಸಿಮೆಂಟ್ ಗಾರೆ ಪದರ), ಬಿಳಿ ಟೈಲ್ಸು.

ಎಲ್ಲರೂ ಮರೆಯೋದು ಹೊಸ್ತಿಲು. ಶೀಟು, ಸ್ಕ್ರೀಡು ಸೇರಿ ನೆಲ ನಾಲ್ಕು ಇಂಚು ಏರುತ್ತೆ. ತಾರಸಿ ಬಾಗಿಲ ಹೊಸ್ತಿಲು ಅದಕ್ಕಿಂತ ಕೆಳಗಿದ್ದರೆ ಮೊದಲ ಮಳೆಗೇ ನೀರು ಮೆಟ್ಟಿಲಿಗೆ ಇಳಿಯುತ್ತೆ.

ಗೋಡೆಗೆ ತಿಳಿ ಬಣ್ಣ ಸಾಕು. ಪಶ್ಚಿಮದ ಕಿಟಕಿಗಳಿಗೆ ಸಜ್ಜಾ ಇಲ್ಲದಿದ್ದರೆ ಸಾರುವೆ ಇಳಿಸೋ ಮುಂಚೆ ಹೊರಗಡೆ ನೆರಳಿನ ಶೀಟ್ ಹಾಕಿಸಿ. ಬಿಸಿಲನ್ನ ಹೊರಗೇ ತಡೀಬೇಕು, ಒಳಗಿನ ಪರದೆಗೆ ಆ ಶಕ್ತಿ ಇಲ್ಲ.

ಪ್ರಶ್ನೆ (ಕಾರ್ಯದರ್ಶಿ): ಸೋಲಾರ್ ಪ್ಯಾನೆಲ್? ಕರೆಂಟ್ ಕಂಪನಿ ನಮಗೆ ಮಂಜೂರು ಮಾಡಿದ ಲೋಡ್ (ಕಿಲೋವ್ಯಾಟ್ ಮಿತಿ) ಇಳಿಸಬಹುದಾ?

ಉತ್ತರ: ಪ್ಯಾನೆಲ್ ತಾರಸಿ ಕೆಲಸ ಪೂರ್ತಿ ಆದ ಮೇಲೆ, ಸ್ಲ್ಯಾಬಿಗೆ ಡ್ರಿಲ್ ಮಾಡದೆ ಕಾಂಕ್ರೀಟ್ ದಿಮ್ಮಿ ಮೇಲೆ. 1 ಕಿಲೋವ್ಯಾಟಿಗೆ 100 ಚದರ ಅಡಿ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತೆ. ಪಿಎಂ ಸೂರ್ಯಘರ್ ಯೋಜನೇಲಿ ಕಾಮನ್ ಸಂಪರ್ಕಕ್ಕೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇದೆ, ಅಸೋಸಿಯೇಷನ್ ಹೆಸರಲ್ಲಿ ಅರ್ಜಿ ಹಾಕಿ.

ಫಿಕ್ಸೆಡ್ ಚಾರ್ಜ್ ಲೋಡಿನ ಮೇಲೆ ಬರೋದರಿಂದ ಪಂಪು, ಲೈಟು ಬದಲಾದ ಮೇಲೆ ಕರೆಂಟ್ ಕಂಪನಿ ಸೆಸ್ಕ್‌ಗೆ ಲೋಡ್ ಇಳಿಸೋ ಅರ್ಜಿ ಕೊಡಬಹುದು. ಆದರೆ ಎಲೆಕ್ಟ್ರಿಕ್ ಗಾಡಿ ಚಾರ್ಜಿಂಗ್ ಪಾಯಿಂಟ್ ಯೋಚನೆ ಇದ್ದರೆ ತಡೀರಿ. ಇಳಿಸಿದ ಲೋಡನ್ನ ಮತ್ತೆ ಏರಿಸೋಕೆ ದುಡ್ಡು ಕಟ್ಟಬೇಕು.