ತೋಟಕ್ಕೆ ಹೊಡೆಯುವ ಔಷಧಿಗೂ ಭಾವನವರ ಮಾತ್ರೆಗೂ ಏನು ಸಂಬಂಧ?

ಕೊಪ್ಪದ ಬೆಳೆಗಾರ:
ನಮ್ಮ ಭಾವನವರಿಗೆ ಹಿಂದೆ ಕ್ಷಯ ಬಂದು ವಾಸಿಯಾಗಿತ್ತು. ಈಗ ಶ್ವಾಸಕೋಶದ ಅದೇ ಗುಳಿಯಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರ ಬೆಳೆದಿದೆಯೆಂದು ಇಟ್ರಾಕೊನಜೋಲ್ ಮಾತ್ರೆ ಕೊಟ್ಟಿದ್ದಾರೆ. ತೋಟಕ್ಕೆ ಏನು ಹೊಡೆಯುತ್ತೀರಿ ಎಂದು ವೈದ್ಯರು ಕೇಳಿದರು. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಪ್ರೊಪಿಕೊನಜೋಲ್ ಎಂದೆ. ಎರಡೂ ಒಂದೇ ಗುಂಪಿನವು ಎಂದರು. ಅಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಹೊಡೆಯುವುದನ್ನು ಬಿಟ್ಟರೆ ಸೋಗೆಯೆಲ್ಲ ಒಣಗಿ ಫಸಲು ಹೋಗುತ್ತದೆ. ಬಿಡದಿದ್ದರೆ ಅವರ ಮಾತ್ರೆ ಕೆಲಸ ಮಾಡದಂತಾಗುತ್ತದೆಯೇ?

ಮಂಗಳೂರು ಪ್ರಯೋಗಾಲಯದಿಂದ:
ನಿಮ್ಮ ಭಯಕ್ಕೆ ಆಧಾರವಿದೆ. ಶಿಲೀಂಧ್ರಕ್ಕೆ ತನ್ನ ಕೋಶದ ಪೊರೆ ಕಟ್ಟಲು ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ಅದನ್ನು ತಯಾರಿಸುವ ಒಂದು ಕಿಣ್ವವನ್ನೇ ನಿಮ್ಮ ಡಬ್ಬಿಯ ಔಷಧಿಯೂ ಆ ಮಾತ್ರೆಯೂ ತಡೆಯುತ್ತವೆ. ಆಸ್ಪರ್ಜಿಲಸ್ ಫ್ಯುಮಿಗೇಟಸ್ ಅಡಿಕೆಗೆ ರೋಗ ತರುವುದಿಲ್ಲ. ಕೊಳೆಯುವ ಎಲೆಯಲ್ಲಿ, ಗೊಬ್ಬರದಲ್ಲಿ ಬದುಕುತ್ತದೆ. ಮರದಿಂದ ತೊಟ್ಟಿಕ್ಕಿದ ಔಷಧಿ ಅದಕ್ಕೂ ತಾಗುತ್ತದೆ, ತಡೆದುಕೊಂಡ ತಳಿ ಉಳಿದು ಹೆಚ್ಚುತ್ತದೆ. ನೆದರ್ಲೆಂಡ್ಸ್‌ನಲ್ಲಿ ಟ್ಯುಲಿಪ್ ಗಡ್ಡೆಗಳ ಕಸದ ರಾಶಿಗಳಲ್ಲಿ ಇಂಥ ತಳಿಗಳು ಹೇರಳವಾಗಿ ಸಿಕ್ಕಿವೆ. ಈ ಗುಂಪಿನ ಮಾತ್ರೆಯನ್ನು ಎಂದೂ ನುಂಗದ ರೋಗಿಗಳಲ್ಲೂ ಅವು ಕಂಡಿವೆ, ಇದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾರತದ ಭತ್ತದ ಗದ್ದೆ, ಚಹಾ ತೋಟಗಳ ಮಣ್ಣಿನಲ್ಲೂ ಅವು ಸಿಕ್ಕವು.
ಆದರೆ ಭಾವನವರಲ್ಲಿ ಇರುವುದು ಅಂಥ ತಳಿಯೇ ಎಂದು ಊಹೆಯಿಂದ ಹೇಳಬಾರದು. ಕಫದಲ್ಲಿರುವ ಶಿಲೀಂಧ್ರವನ್ನು ಬೆಳೆಸಿ ನೋಡುವ ಕಲ್ಚರ್ ಮಾಡಿಸಿ, ಯಾವ ಔಷಧಿಗೆ ಬಗ್ಗುತ್ತದೆ ಎಂಬ ಪರೀಕ್ಷೆಯನ್ನೂ ಕೇಳಿ. ವರದಿ ಬರುವ ತನಕ ಮಾತ್ರೆ ನಿಲ್ಲಿಸಬೇಡಿ.

ಸಾಗರದ ತೋಟಿಗ:
ನಾನೂ ಹೊಡೆಯುತ್ತೇನೆ, ಬಿಡಿ ಎಂದು ನಿಮಗೆ ಹೇಳಲಾರೆ. ಆದರೆ ಕೊಳೆರೋಗಕ್ಕೂ ಇದನ್ನೇ ಹೊಡೆಯುವವರನ್ನು ಕಂಡರೆ ಸಂಕಟವಾಗುತ್ತದೆ. ಕೊಳೆ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಈ ಗುಂಪಿನ ಔಷಧಿಗೆ ಬಗ್ಗುವುದಿಲ್ಲ. ಅದಕ್ಕೆ ಮೈಲುತುತ್ತ, ಸುಣ್ಣ ಸೇರಿಸಿದ ಶೇ 1ರ ಬೋರ್ಡೋ ದ್ರಾವಣವೇ ಸರಿ. ಎಲೆಚುಕ್ಕಿಗೂ ಪ್ರತಿ ಸಲ ಒಂದೇ ಡಬ್ಬಿ ಬೇಡ, ನಡುವೆ ಬೇರೆ ಗುಂಪಿನ ಮ್ಯಾಂಕೋಜೆಬ್ ಹೊಡೆಯಿರಿ. ರೋಗ ತಗುಲಿದ ಸೋಗೆಯನ್ನು ಕಡಿದು ತೋಟದ ಹೊರಗೆ ಸುಟ್ಟುಬಿಡಿ.

ಕೊಪ್ಪದ ಬೆಳೆಗಾರ:
ನಾವು ಅದನ್ನು ಗೊಬ್ಬರದ ಗುಂಡಿಗೆ ಹಾಕುತ್ತಿದ್ದೆವು. ಗುಂಡಿ ಕೆದಕುವುದು ಭಾವನವರೇ.

ಮಂಗಳೂರು ಪ್ರಯೋಗಾಲಯದಿಂದ:
ಇನ್ನು ಅವರನ್ನು ಅದರ ಹತ್ತಿರ ಬಿಡಲೇಬೇಡಿ. ಬಿಸಿಯೇರಿದ ರಾಶಿ ಈ ಶಿಲೀಂಧ್ರಕ್ಕೆ ಬಹಳ ಹಿಡಿಸುತ್ತದೆ, ಕೆದಕಿದಾಗ ಬೀಜಕಣಗಳು ಗಾಳಿಗೆ ಏಳುತ್ತವೆ. ಕೆದಕುವ ಆಳುಗಳಿಗೆ ಎನ್95 ಮಾಸ್ಕ್ ಕೊಡಿ, ರಾಶಿಗೆ ಮೊದಲು ನೀರು ಚಿಮುಕಿಸಲಿ. ಕಲ್ಚರ್ ವರದಿ ಬಂದ ಕೂಡಲೇ ಇಲ್ಲಿ ಬರೆಯಿರಿ, ಓದಿ ಹೇಳುತ್ತೇನೆ.