ಪದ ಬೇಕು: ಜೀಪಿನ ‘ಆರ್ಟಿಕ್ಯುಲೇಷನ್’ಗೆ ಕನ್ನಡದಲ್ಲಿ ಏನನ್ನೋಣ?

ಶಿರಸಿಯಿಂದ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಿತ್ತು. ನಾಳೆ ಬೆಳಿಗ್ಗೆ ಹತ್ತರೊಳಗೆ ಬೇಕು, ಬೋರ್ಡ್ ಬರೆಯುವವರು ಆಗ ಬರುತ್ತಾರೆ.

ಭಾನುವಾರ ನಮ್ಮ ತೋಟದ ಮೇಲಿನ ಜಾಗದಲ್ಲಿ ಏಳೆಂಟು ಜೀಪು, ಜಿಪ್ಸಿ ಸೇರುತ್ತವೆ. (ಸ್ವಂತ ಜಾಗ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಅರಣ್ಯದ ಸೊಪ್ಪಿನ ಬೆಟ್ಟ ಅಲ್ಲ. ಮೊದಲೇ ಹೇಳಿಬಿಡುತ್ತೇನೆ.) ರೇಸ್ ಏನಿಲ್ಲ. ಹೊಂಡ, ಕೊರಕಲು ದಾಟಿಸುವ ಅಭ್ಯಾಸ ಅಷ್ಟೆ. ಮಣ್ಣು ಒಟ್ಟಿ, ಮೇಲೆ ಹಲಗೆ ಹೊದಿಸಿ 20 ಡಿಗ್ರಿಯ ಒಂದು ಏರು ಮಾಡಿದ್ದೇವೆ. ಮುಂದಿನ ಒಂದೇ ಚಕ್ರವನ್ನು ಅದರ ಮೇಲೆ ನಿಧಾನ ಹತ್ತಿಸುವುದು. ಸಾಧಾರಣವಾಗಿ ಅದೇ ಬದಿಯ ಹಿಂದಿನ ಚಕ್ರ ಮೊದಲು ನೆಲ ಬಿಡುತ್ತದೆ. ಅಲ್ಲಿಗೆ ನಿಲ್ಲಿಸಿ, ಏರಿನಲ್ಲಿ ಎಷ್ಟು ದೂರ ಹೋಯಿತು ಅಂತ ಅಳೆಯುವುದು. ಅದನ್ನು ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸಿನಿಂದ ಭಾಗಿಸಿ 1000ದಿಂದ ಗುಣಿಸಿದರೆ ಗಾಡಿಯ ಅಂಕ. ಜಿಪ್ಸಿಯ ವೀಲ್‌ಬೇಸ್ 2375 ಮಿಲಿಮೀಟರ್. ಅದು 1300 ಹತ್ತಿದರೆ 547.

ಏರುತಗ್ಗಿನಲ್ಲಿ ಚಕ್ರಗಳು ಮೇಲೆ ಕೆಳಗೆ ಹೋಗಿ ನೆಲ ಬಿಡದೆ ಇರುವ ಈ ಗುಣಕ್ಕೆ ಇಂಗ್ಲಿಷಿನಲ್ಲಿ ಆರ್ಟಿಕ್ಯುಲೇಷನ್ ಅನ್ನುತ್ತಾರೆ. ಬೋರ್ಡಿನ ಅಗಲ ನಾಲ್ಕೇ ಅಡಿ, ಅದರಲ್ಲಿ ‘____ ಪರೀಕ್ಷೆ’ ಅಂತ ಬರಬೇಕು. ಬಂದವರಿಗೆ ಕೊಡುವ ಎರಡು ಪುಟದ ಹಾಳೆಗೆ ‘ಗಾಡಿಯ ____ ಹೆಚ್ಚಿಸುವುದು ಹೇಗೆ’ ಅಂತ ತಲೆಬರಹ. ಡಿಕ್ಷನರಿ ತೆಗೆದರೆ ಮೊದಲಿಗೇ ಉಚ್ಚಾರಣೆ ಅಂತಿದೆ. ನಿಮ್ಮ ಜಿಪ್ಸಿಯ ಉಚ್ಚಾರಣೆ ಸುಧಾರಿಸಿ ಅಂತ ಬರೆಯೋಕಾಗಲ್ಲ ಅಲ್ವಾ?

ಕುಮಟೆಯಿಂದ

ಸಂಧಿಚಲನೆ. ಸಂಧಿವಾತ ಗೊತ್ತಿರುವವರಿಗೆಲ್ಲ ಇದೂ ಗೊತ್ತಾಗುತ್ತದೆ.

ಧಾರವಾಡದಿಂದ

ಸಂಧಿಚಲನೆ ಬೇಡ. ಮೂಳೆ ಡಾಕ್ಟರ ಬೋರ್ಡು ಅಂದುಕೊಂಡು ಮುದುಕರು ಬಂದು ಕೂತಾರು.

ಮೂಲಕ್ಕೆ ಹೋಗಿ. ಲ್ಯಾಟಿನ್ನಿನಲ್ಲಿ ಆರ್ಟಸ್ ಅಂದರೆ ಕೀಲು. ಆರ್ಟಿಕ್ಯುಲಸ್ ಅಂದರೆ ಸಣ್ಣ ಕೀಲು, ಬೆರಳಿನದ್ದು. ಮಾತಿಗೂ ಅದೇ ಪದ ಯಾಕೆ ಬಂತು? ಮಾತನ್ನು ಗಂಟುಗಂಟಾಗಿ ಬಿಡಿಸಿ ಆಡುತ್ತೇವೆ, ಅದಕ್ಕೆ. ಇದಕ್ಕೆ ನಮ್ಮಲ್ಲಿ ಅಚ್ಚಗನ್ನಡ ಪದ ಇದೆ: ಗೆಣ್ಣು. ಬೆರಳಿಗೂ ಗೆಣ್ಣು, ಕಬ್ಬಿಗೂ ಗೆಣ್ಣು. ಹಾಗಾಗಿ ‘ಗೆಣ್ಣಾಟ’. ಮೂರೇ ಅಕ್ಷರ, ನಿಮ್ಮ ಬೋರ್ಡಿಗೂ ಹಿಡಿಸುತ್ತದೆ.

ಕುಮಟೆಯಿಂದ

ಗೆಣ್ಣಾಟ ಕೇಳಿದರೆ ಕಬ್ಬಿನ ಗದ್ದೆಯಲ್ಲಿ ಮಕ್ಕಳು ಆಡುವ ಆಟದ ಹಾಗಿದೆ. ಸಂಧಿ ಬೇಡವಾದರೆ ಕೀಲಾಟ ಅನ್ನಿ, ಮುಗಿಯಿತು.

ಧಾರವಾಡದಿಂದ

ಕೀಲು ಸಂಸ್ಕೃತದ ಕೀಲ. ನಿಮ್ಮ ಸಂಧಿಯ ಮನೆಯದ್ದೇ.

ಕುಮಟೆಯಿಂದ

ವಚನದ ಬಂಡಿಗೇ ಕಡೆಗೀಲು ಇತ್ತು. ಕೀಲುಗೊಂಬೆ, ಕೀಲುಕುದುರೆ, ಕೀಲೆಣ್ಣೆ ಎಲ್ಲ ನಮ್ಮ ಬಾಯಲ್ಲೇ ಬೆಳೆದವು. ಇನ್ನೆಷ್ಟು ನೂರು ವರ್ಷ ಅದು ಬಾಡಿಗೆ ಕಟ್ಟಬೇಕು ನಿಮಗೆ?

ಕಾರವಾರದಿಂದ

ಮೂವತ್ತು ವರ್ಷ ಗ್ಯಾರೇಜ್ ನಡೆಸಿದವನು ನಾನು. ನಿಮ್ಮ ಎರಡೂ ಪದಕ್ಕೆ ಒಂದೇ ರೋಗ. ಗ್ಯಾರೇಜಿನಲ್ಲಿ ‘ಆಟ ಬಂದಿದೆ’ ಅಂದರೆ ಬುಶ್ ಸವೆದಿದೆ ಅಂತ ಅರ್ಥ. ಬೇರಿಂಗ್ ಆಟ, ಸ್ಟಿಯರಿಂಗ್ ಆಟ, ಕಿಂಗ್‌ಪಿನ್ ಆಟ. ಎಲ್ಲ ರಿಪೇರಿಗೆ ಬಂದವು. ಕೀಲಾಟ ಹೆಚ್ಚಿಸುವುದು ಹೇಗೆ ಅಂತ ಹಾಳೆ ಹಂಚಿದರೆ ಮೆಕ್ಯಾನಿಕ್ಕುಗಳು ನಗುತ್ತಾರೆ. ಗೆಣ್ಣು ಅಂತೂ ಆಗಲೇ ಆಗದು. ಮುಂದಿನ ಚಕ್ರ ತಿರುಗುವ ಜಾಗದಲ್ಲಿ ನಕಲ್ ಅಂತ ಒಂದು ಭಾಗ ಇದೆ. ಇಂಗ್ಲಿಷಿನಲ್ಲಿ ಅದೇ ಬೆರಳಿನ ಗೆಣ್ಣು. ಗೆಣ್ಣು ಅಂತ ಯಾವುದಕ್ಕಾದರೂ ಹೆಸರಿಡುವುದಿದ್ದರೆ ಅದಕ್ಕಿಡಿ. (ನಮ್ಮ ಹುಡುಗರು ‘ನಕಲ್ ಒರಿಜಿನಲ್ ಹಾಕಬೇಕಾ, ಡೂಪ್ಲಿಕೇಟಾ’ ಅಂತ ಕೇಳುತ್ತಾರೆ. ಕನ್ನಡಕ್ಕೆ ಅದೊಂದು ಬೇರೆ ಉಪಕಾರ.)

ಇನ್ನೊಂದು ಮಾತು. ಕೀಲು ಅಂತ ಹೊರಟಿದ್ದೇ ತಪ್ಪು. ಹಳೆ ಜೀಪು, ಜಿಪ್ಸಿಯಲ್ಲಿ ಹೇಳಿಕೊಳ್ಳುವಂಥ ಕೀಲು ಎಲ್ಲಿದೆ? ಕಮಾನಿನ (ಉಕ್ಕಿನ ಪಟ್ಟಿ ಜೋಡಿಸಿದ ಸ್ಪ್ರಿಂಗ್) ಒಂದು ತುದಿ ಚಾಸಿಗೆ ಪಿನ್ ಹಾಕಿ ಕೂತಿದೆ. ಇನ್ನೊಂದು ತುದಿ ಓಲಾಡುವ ಕೊಂಡಿಯಲ್ಲಿ, ಅಂದರೆ ಶ್ಯಾಕಲ್‌ನಲ್ಲಿ ತೂಗುತ್ತದೆ. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗುತ್ತದೆ, ಅಂದರೆ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಬಿಡುವುದೇ ಶ್ಯಾಕಲ್ಲಿನ ಕೆಲಸ. ನಡುವೆ ಎರಡು ಚಕ್ರ ಸೇರಿಸುವ ಗಟ್ಟಿ ಆಕ್ಸಲ್. ಅದರ ಒಂದು ಕಡೆ ಕಲ್ಲು ಹತ್ತಿದರೆ ಇನ್ನೊಂದು ಕಡೆ ತಕ್ಕಡಿ ಹಾಗೆ ಕೆಳಗೆ ಒತ್ತುತ್ತದೆ. ಹೊಸ ಥಾರ್ ಹಿಂದೆ ಹೀಗೇ ಇದೆ, ಕಮಾನಿನ ಬದಲು ಕಾಯಿಲ್. ಮುಂದೆ ಮಾತ್ರ ಎಡ ಬಲ ಬೇರೆ ಬೇರೆ. ಒಂದು ಚಕ್ರ ಮೇಲೆ ಹೋದದ್ದು ಇನ್ನೊಂದಕ್ಕೆ ಗೊತ್ತೇ ಆಗಲ್ಲ. ಜಿಮ್ನಿಗೆ ಹಿಂದೆ ಮುಂದೆ ಎರಡೂ ಗಟ್ಟಿ ಆಕ್ಸಲ್.

ಇಷ್ಟೆಲ್ಲ ಯಾಕೆ ಬೇಕು? ಚಕ್ರ ಗಾಳಿಯಲ್ಲಿ ಎದ್ದರೆ ಸಾದಾ ಡಿಫರೆನ್ಷಿಯಲ್ (ಎರಡು ಚಕ್ರಕ್ಕೆ ಶಕ್ತಿ ಹಂಚುವ ಭಾಗ) ಇರುವ ಗಾಡಿಯಲ್ಲಿ ಅದೊಂದೇ ಸುಮ್ನೆ ಗಿರಗಿರ ತಿರುಗುತ್ತದೆ. ನೆಲದಲ್ಲಿರುವ ಚಕ್ರಕ್ಕೆ ಶಕ್ತಿ ಬರಲ್ಲ. ಗಾಡಿ ನಿಂತಲ್ಲೇ ನಿಂತಿತು. ಆದ್ದರಿಂದ ಹೆಸರಿಡುವುದಾದರೆ ಚಕ್ರ ಏನು ಮಾಡುತ್ತದೆ ಅಂತ ನೋಡಿ ಇಡಿ. ಇಲ್ಲವಾದರೆ ಸುಮ್ನೆ ಆರ್ಟಿಕ್ಯುಲೇಷನ್ ಅಂತ ಬರೆದು ಕೈತೊಳೆದುಕೊಳ್ಳಿ.

ನಿಮ್ಮ ಹಾಳೆಯಲ್ಲಿ ಒಂದು ಎಚ್ಚರಿಕೆ ಬರಲಿ. ಎತ್ತರ ಬೇರೆ, ಇದು ಬೇರೆ. ಜನ ಒಂದು ಪಟ್ಟಿ ಜಾಸ್ತಿ ಹಾಕಿಸಿ ಗಾಡಿ ಎತ್ತರ ಮಾಡಿಕೊಂಡು ಬರುತ್ತಾರೆ. ಕಮಾನು ಬಿಗಿಯಾಗಿ ಮೊದಲು ಇದ್ದದ್ದೂ ಹೋಗುತ್ತದೆ.

ಬೆಂಗಳೂರಿನಿಂದ (ಊರು ಹೊನ್ನಾವರ)

ಹಾಗಾದರೆ ‘ಬಳುಕು’? ಅಥವಾ ಮಣಿಯುವುದರಿಂದ ‘ಮಣಿತ’? ಕುಣಿತ, ಇಳಿತ ಇದ್ದ ಹಾಗೆ.

ಕಾರವಾರದಿಂದ

ಬಳುಕುವುದು ಬಳ್ಳಿ. ಗಾಡಿ ಬಳುಕಿದರೆ ಚಾಸಿ ಬಿರುಕು ಬಿಟ್ಟಿದೆ ಅಂತ.

ಕುಮಟೆಯಿಂದ

ಮಣಿತ ಅನ್ನುವ ಮೊದಲು ಕೋಶ ತೆರೆಯಿರಿ. ಸಂಸ್ಕೃತದಲ್ಲಿ ಮಣಿತ ಅಂದರೆ ರತಿಯ ಹೊತ್ತಿನ ಅಸ್ಪಷ್ಟ ದನಿ. ಸ್ಪಷ್ಟ ಉಚ್ಚಾರಣೆಗೆ ನೇರ ವಿರುದ್ಧ. ಆರ್ಟಿಕ್ಯುಲೇಷನ್ ಹುಡುಕುತ್ತ ಹೊರಟು ಎಲ್ಲಿಗೆ ಬಂದಿರಿ ನೋಡಿ. ಭಾನುವಾರ ಮಕ್ಕಳೂ ಬರುತ್ತಾರೆ.

ಧಾರವಾಡದಿಂದ

ಕನ್ನಡದ ಮಣಿಗೆ ಸಂಸ್ಕೃತದ ಕೋಶ ತೋರಿಸಿ ಹೆದರಿಸುವುದು ಹಳೇ ಚಾಳಿ. ಆದರೂ ಮಣಿತ ನನಗೂ ಬೇಡ. ಮಣಿಯುವುದು ಅಂದರೆ ಸೋಲುವುದು ಅಂತಲೂ ಆಗುತ್ತದೆ.

ಕಾರವಾರದವರಿಗೆ ಒಂದು ಮಾತು. ಆರ್ಟಿಕ್ಯುಲೇಷನ್ ಅಂತ ಬರೆದು ಕೈತೊಳೆದುಕೊಳ್ಳಿ ಅಂದಿರಿ. ಹೀಗೆ ತೊಳೆದೂ ತೊಳೆದೂ ಕೈಯೇ ಉಳಿದಿಲ್ಲ. ಕಮಾನು ಅಂತೀರಲ್ಲ, ಅದು ಪಾರ್ಸಿ. ಬಿಲ್ಲು ಅಂತ ಅರ್ಥ. ಬಿಲ್ಲುಪಟ್ಟಿ ಅನ್ನಬಹುದಿತ್ತು.

ಕಾರವಾರದಿಂದ

ಬಿಲ್ಲು ಅಂದರೆ ನಮ್ಮಲ್ಲಿ ಕೆಲಸ ಮುಗಿದ ಮೇಲೆ ಗಿರಾಕಿಗೆ ಕೊಡುವುದು.

ನೀವು ಧಾರವಾಡದಲ್ಲಿ ಕೂತು ಶುದ್ಧ ಮಾಡುತ್ತೀರಿ. ನಮ್ಮದು ಕರಾವಳಿ. ಇಲ್ಲಿ ಅರ್ಧ ಮಾತು ಕೊಂಕಣಿ, ಕಾಲು ಭಾಗ ಮರಾಠಿ. 1862ರಿಂದ ರಾಜ್ಯ ಒಂದಾಗುವ ತನಕ ನಾವು ಮುಂಬಯಿಗೆ ಸೇರಿದವರು. ಬಟಾಟೆ, ಚಾವಿಯಂಥವೆಲ್ಲ ಪೋರ್ಚುಗೀಸರ ಹಡಗಿನಲ್ಲಿ ಬಂದವು. ಹಡಗಿನಿಂದ ಇಳಿಯುವಾಗ ಯಾರೂ ಅವಕ್ಕೆ ಮರುನಾಮಕರಣ ಮಾಡಲಿಲ್ಲ. ಏನಾಯಿತು ಕನ್ನಡಕ್ಕೆ? ಜೀಪು ಅನ್ನುವುದೇ ಎಲ್ಲಿಂದ ಬಂತು?

ಧಾರವಾಡದಿಂದ

ಅದೇ ಹಡಗಿನಲ್ಲಿ ಇನ್ನೊಂದು ಸಾಮಾನು ಬಂತು, ಅದನ್ನು ಬಿಟ್ಟಿರಿ. ಮೆಣಸಿನಕಾಯಿ. ಅಮೆರಿಕದ ಗಿಡ ಅದು. ನಮ್ಮ ಹಿರಿಯರು ಅದರ ಪರದೇಶಿ ಹೆಸರು ಕೇಳಲಿಲ್ಲ. ನಾಲಿಗೆಗಿಟ್ಟು ನೋಡಿದರು, ಖಾರ ಇತ್ತು, ಮೆಣಸು ಅಂದರು. ಅದು ಎಷ್ಟು ಹಬ್ಬಿತು ಅಂದರೆ ಮೊದಲಿನಿಂದ ಇದ್ದ ಮೆಣಸೇ ಕಾಳುಮೆಣಸು ಅಂತ ಹೆಸರು ಬದಲಿಸಿಕೊಳ್ಳಬೇಕಾಯಿತು. ಅದೂ ನಿಮ್ಮ ಜಿಲ್ಲೆಯಲ್ಲೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅನ್ನುತ್ತಿದ್ದ ಸೀಮೆ ಅದು.

ಗೇರು ಇನ್ನೂ ಚೆನ್ನಾಗಿದೆ. ನಮ್ಮ ಕಾಡಿನಲ್ಲಿ ಕರಿಗೇರು ಇತ್ತು, ಅಗಸರು ಬಟ್ಟೆಗೆ ಗುರುತು ಹಾಕುವ ಕಾಯಿ. ಬ್ರೆಜಿಲ್‌ನಿಂದ ಬಂದ ಮರದಲ್ಲೂ ಹಣ್ಣಿನ ತುದಿಗೆ ಬೀಜ ನೇತಾಡಿತು. ಇದೂ ಗೇರು ಅಂದರು. ಹಣ್ಣು ಹೊರಗಿನದ್ದು, ಹೆಸರು ನಮ್ಮದು. ಇದಕ್ಕೆ ಬೇಕಾದದ್ದು ಕಣ್ಣು, ಅಷ್ಟೆ. ಕೋಶ ಬೇಡ, ಸಂಸ್ಕೃತ ಬೇಡ, ಇಂಗ್ಲಿಷಂತೂ ಬೇಡವೇ ಬೇಡ.

ಕಾರವಾರದಿಂದ

ಗೇರು ಅಂದರೆ ನಮ್ಮಲ್ಲಿ ಒಂದರಿಂದ ಐದರ ತನಕ, ಮೇಲೆ ಒಂದು ರಿವರ್ಸ್.

ಶಿರಸಿಯಿಂದ

ಮೆಣಸಿನ ಕತೆ ಚೆನ್ನಾಗಿದೆ. ಆದರೆ ಈಗ ರಾತ್ರಿ ಒಂಬತ್ತೂವರೆ. ಪದ?

ಯಲ್ಲಾಪುರದಿಂದ

ನಾನು ಈಗಷ್ಟೇ ನೋಡಿದೆ. ನಮ್ಮ ಕಡೆ ಅಡಿಕೆ, ಗೊಬ್ಬರ ಹೇರುವ ಜೀಪಿನ ಡ್ರೈವರುಗಳು ಒಂದು ಮಾತು ಆಡುತ್ತಾರೆ. ಹೊಂಡದಲ್ಲಿ ಒಂದು ಚಕ್ರ ಎದ್ದು ನಿಂತರೆ ‘ಕಾಲೆತ್ತಿತು’ ಅಂತ. ನಾಯಿ ಕಂಬದ ಹತ್ತಿರ ಎತ್ತುತ್ತದಲ್ಲ, ಹಾಗೆ. ಇದು ಇಲ್ಲದ ಗಾಡಿ ಕಾಲೆತ್ತುತ್ತದೆ ಅಂದಮೇಲೆ ಇರುವ ಗಾಡಿ ಕಾಲೂರುತ್ತದೆ. ಏರು-ಏರಿಕೆ, ಸೇರು-ಸೇರಿಕೆ, ಊರು-ಊರಿಕೆ. ‘ಕಾಲೂರಿಕೆ.’

ಬೆಂಗಳೂರಿನಿಂದ (ಊರು ಹೊನ್ನಾವರ)

ಚಿಕ್ಕದಾಗಿ ‘ಕಾಲೂರು’ ಅಂದರೆ ಸಾಲದೇ?

ಯಲ್ಲಾಪುರದಿಂದ

‘ಕಾಲೂರು ಪರೀಕ್ಷೆ’ ಅಂತ ಬೋರ್ಡ್ ಹಾಕಿದರೆ ಅದು ಯಾವ ಊರು, ಬಸ್ಸಿದೆಯಾ ಅಂತ ಕೇಳುತ್ತಾರೆ.

ಕುಮಟೆಯಿಂದ

ಕಾಲೂರುವುದು ಹಿಡಿತ. ಟೈರಿನ ಗಾಳಿ ಇಳಿಸಿದರೂ ಹಿಡಿತ ಬರುತ್ತದೆ. ಅದಕ್ಕೂ ಇದೇ ಹೆಸರಾ? ಮತ್ತೆ ಇಲ್ಲಿ ಒಂದು ಚಕ್ರ ಕೆಳಗಿಳಿದರೆ ಇನ್ನೊಂದು ಮೇಲೂ ಹೋಗಬೇಕು. ನಿಮ್ಮ ಪದದಲ್ಲಿ ಇಳಿಯುವುದು ಮಾತ್ರ ಇದೆ.

ಯಲ್ಲಾಪುರದಿಂದ

ಗದ್ದೆಯ ಬದುವಿನ ಮೇಲೆ ಒಂದು ಕಾಲು, ಕೆಳಗೆ ಕೆಸರಲ್ಲಿ ಇನ್ನೊಂದು ಕಾಲು ಇಟ್ಟು ನಡೆದು ನೋಡಿ. ಬದುವಿನ ಕಡೆಯ ಮೊಣಕಾಲು ಮಡಚಿದರೆ ಮಾತ್ರ ಕೆಳಗಿನ ಕಾಲು ಊರಲು ಸಿಗುತ್ತದೆ. ಮಡಚದವನು ಕುಂಟುತ್ತಾನೆ. ಎರಡು ಪದ ಯಾಕೆ ಬೇಕು? ಟೈರಿನದ್ದು ಹಿಡಿತ, ಅದಕ್ಕೆ ಆ ಹೆಸರು ಇದ್ದೇ ಇದೆ.

ಕಾರವಾರದಿಂದ

ಇದು ಸರಿ ಇದೆ. ಚಕ್ರ ನೋಡಿ ಇಟ್ಟ ಹೆಸರು. ಹುಡುಗರಿಗೆ ಹೇಳಿದೆ, ಯಾರೂ ನಗಲಿಲ್ಲ.

ಶಿರಸಿಯವರೇ, ಹಾಳೆಗೆ ನಾಲ್ಕು ಮಾತು ಸೇರಿಸಿ. ಆ್ಯಂಟಿರೋಲ್ ಬಾರ್ ಇರುವ ಗಾಡಿಯಲ್ಲಿ ಅದರ ಲಿಂಕ್ ಬಿಚ್ಚಿದರೆ ಒಂದು ಪೈಸೆ ಖರ್ಚಿಲ್ಲದೆ ಕಾಲೂರಿಕೆ ಹೆಚ್ಚುತ್ತದೆ. ಆ ಬಾರ್ ಇರುವುದೇ ಎರಡು ಚಕ್ರ ಬೇರೆ ಬೇರೆ ದಾರಿ ಹಿಡಿಯದಂತೆ ತಡೆಯಲಿಕ್ಕೆ. ಆದರೆ ವಾಪಸ್ ಹಾಕದೆ ದೇವಿಮನೆ ಘಾಟಿ ಇಳಿಯಬಾರದು, ತಿರುವಿನಲ್ಲಿ ಗಾಡಿ ವಾಲುತ್ತದೆ. ಶಾಕ್ ಅಬ್ಸಾರ್ಬರ್ ಗಿಡ್ಡ ಇದ್ದರೆ ಕಮಾನು ಇನ್ನೂ ಇಳಿಯಬಲ್ಲದ್ದನ್ನು ಅದೇ ಹಿಡಿದು ನಿಲ್ಲಿಸುತ್ತದೆ. ಉದ್ದದ ಶಾಕ್ ಹಾಕಿ, ಆದರೆ ಮೊದಲು ಬ್ರೇಕ್ ಹೋಸ್ ನೋಡಿ. ಚಕ್ರ ಪೂರ್ತಿ ಇಳಿದಾಗ ಅದು ಬಿಗಿಯಾಗಿ ಎಳೆದುಕೊಂಡಿದ್ದರೆ ಯಾವತ್ತಾದರೂ ಹರಿಯುತ್ತದೆ. ಶ್ಯಾಕಲ್ ಒಂದು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಅರ್ಧ ಇಂಚು ಮಾತ್ರ. ಅತಿ ಉದ್ದ ಮಾಡಿದರೆ ಸ್ಟಿಯರಿಂಗ್ ನಡತೆ ಕೆಡುತ್ತದೆ. ಪಟ್ಟಿಗಳ ನಡುವಿನ ತುಕ್ಕು ತೆಗೆದು ಗ್ರೀಸ್ ಹಾಕಿ, ಅರ್ಧ ಬಿಗಿ ಅಲ್ಲೇ ಬಿಡುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ನೆನಪಿರಲಿ. ಕಂಪನಿ ಕೊಟ್ಟದ್ದನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ.

ಧಾರವಾಡದಿಂದ

ಕಾಲೂರಿಕೆ. ಕಾಲೂ ನಮ್ಮದು, ಊರುವುದೂ ನಮ್ಮದು. ಒಪ್ಪಿದೆ. ಅದರ ಮುಂದೆ ಪರೀಕ್ಷೆ ಯಾಕೆ? ‘ಒರೆ’ ಅನ್ನಿ. ಕಾಲೂರಿಕೆಯ ಒರೆ.

ಕುಮಟೆಯಿಂದ

ಇವರಿಗೆ ಮಣ್ಣಿನ ಏರಿನ ಮೇಲೆ ಚಿನ್ನ ಉಜ್ಜಬೇಕಂತೆ.

ಶಿರಸಿಯಿಂದ

ಬೋರ್ಡ್ ಆಯಿತು. ‘ಕಾಲೂರಿಕೆ ಪರೀಕ್ಷೆ’, ಹಳದಿ ಮೇಲೆ ಕಪ್ಪು. ಬರೆಯುವವರು ಕೇಳಿದ್ದು ಒಂದೇ ಪ್ರಶ್ನೆ: ಕಾ ಆದಮೇಲೆ ಲೂ ದೀರ್ಘವಾ? ಹೌದು ಅಂದೆ. ಅರ್ಥ ಕೇಳಲಿಲ್ಲ. ಹಾಳೆಯಲ್ಲಿ ಮೊದಲ ಸಲ ಬಂದಲ್ಲಿ ಮಾತ್ರ ಆರ್ಟಿಕ್ಯುಲೇಷನ್ ಅಂತಲೂ ಹಾಕಿದ್ದೇನೆ, ಧಾರವಾಡದವರು ಕ್ಷಮಿಸಬೇಕು. ಎಲ್ಲರಿಗೂ ಥ್ಯಾಂಕ್ಸ್.

ಒಂದು ಉಳಿಯಿತು. ಚಕ್ರ ಪೂರ್ತಿ ಮೇಲೆ ಹೋದಾಗ ಚಾಸಿಗೆ ಹೊಡೆಯದ ಹಾಗೆ ತಡೆಯುವ ಬಂಪ್ ಸ್ಟಾಪ್ ಇದೆಯಲ್ಲ, ಅದಕ್ಕೆ ಏನನ್ನೋಣ?

ಧಾರವಾಡದಿಂದ

‘ತಡೆ’ಯಿಂದ ಶುರು ಮಾಡೋಣ. ಇದರ ಬೇರು

ಕಾರವಾರದಿಂದ

ರಬ್ಬರ್. ಎಲ್ಲ ಗ್ಯಾರೇಜಿನಲ್ಲೂ ರಬ್ಬರ್ ಅಂತಲೇ ಅನ್ನುತ್ತಾರೆ.